ಆರೆಂಜ್ ಲೈಟ್ ಕಂಡ ಕೂಡಲೇ ಸರ್ವರ್ ಆಫ್ ಮಾಡಬೇಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ ನಾನು. ಅಡಿಕೆ ಲೆಕ್ಕ, ಸಾಲದ ಲೆಕ್ಕ ಎಲ್ಲ ಒಂದೇ ಡೆಲ್ ಪವರ್‌ಎಡ್ಜ್ ಸರ್ವರ್‌ನಲ್ಲಿದೆ. ನಾಲ್ಕು ಡಿಸ್ಕ್, ರೈಡ್ 5 (ಒಂದು ಡಿಸ್ಕ್ ಹೋದರೂ ಲೆಕ್ಕ ಉಳಿಯುವಂತೆ ಎಲ್ಲ ಡಿಸ್ಕಿಗೂ ಹಂಚಿಡುವ ಕ್ರಮ). ಹೋದ ವಾರ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಮುಂಭಾಗದ ನೀಲಿ ಲೈಟ್ ಆರೆಂಜ್ ಆಗಿ ಮಿಣುಕುತ್ತಿದೆ. ಎಡಗಡೆಯಿಂದ ಎರಡನೇ ಡಿಸ್ಕಿನ ಲೈಟ್ ಹಸಿರಾಗುತ್ತೆ, ಆರೆಂಜ್ ಆಗುತ್ತೆ, ಆರಿಹೋಗುತ್ತೆ, ಮತ್ತೆ ಅದೇ. ಕೆಲಸ ಮಾತ್ರ ಎಂದಿನಂತೆ ನಡೆಯುತ್ತಿದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಾ? ಆಫೀಸಿನ ಹುಡುಗ ಡಿಸ್ಕ್ ಕಿತ್ತು ಮತ್ತೆ ಹಾಕೋಣ ಅಂತಿದ್ದಾನೆ.

ಉತ್ತರ: ಎರಡೂ ಬೇಡ. ಹುಡುಗನನ್ನು ಸ್ವಲ್ಪ ತಡೆಯಿರಿ.

ಮುಂದಿನ ದೊಡ್ಡ ಲೈಟ್ ಹೇಳುವುದು ಇಷ್ಟೇ: ಒಳಗೆ ಎಲ್ಲೋ ಏನೋ ಸರಿಯಿಲ್ಲ. ಎಲ್ಲಿ ಅಂತ ಹೇಳುವುದು ಚಿಕ್ಕ ಲೈಟ್‌ಗಳು. ನಿಮ್ಮ ಡಿಸ್ಕಿನದು ಅದನ್ನು ಸ್ಪಷ್ಟವಾಗಿಯೇ ಹೇಳುತ್ತಿದೆ. ಡೆಲ್‌ನಲ್ಲಿ ಹಸಿರು, ಆರೆಂಜ್, ಆಮೇಲೆ ಕತ್ತಲೆ ಅಂದರೆ ಡಿಸ್ಕ್ ಇನ್ನೂ ಬದುಕಿದೆ, ಆದರೆ ಸದ್ಯದಲ್ಲೇ ಕೈಕೊಡಬಹುದು ಎಂಬ ಮುನ್ಸೂಚನೆ. ಪೂರ್ತಿ ಕೆಟ್ಟಿದ್ದರೆ ಬರೀ ಆರೆಂಜ್, ಸೆಕೆಂಡಿಗೆ ನಾಲ್ಕು ಸಲ, ಚಟಪಟ ಅಂತ ಮಿಣುಕುತ್ತಿತ್ತು. ಸಿಡಿಲಿಗೇ ಹೀಗಾಯಿತು ಅನ್ನಲು ಬರುವುದಿಲ್ಲ. ವಯಸ್ಸಾದ ಡಿಸ್ಕ್ ಕರೆಂಟ್ ಹೋಗಿ ಬಂದಾಗ ಎಡವುವುದು ಇದ್ದದ್ದೇ.

ಆಫ್ ಮಾಡಬೇಡಿ ಅಂದದ್ದೂ ಅದಕ್ಕೇ. ತಿರುಗುತ್ತಿರುವ ಹಳೇ ಡಿಸ್ಕ್ ಒಮ್ಮೆ ನಿಂತರೆ ಮತ್ತೆ ತಿರುಗುತ್ತದೆ ಎಂಬ ಭರವಸೆ ಇಲ್ಲ.

ಮೊದಲ ಕೆಲಸ ಬ್ಯಾಕಪ್. ಇವತ್ತೇ, ಬೇರೆ ಡಿಸ್ಕಿಗೆ. ರೈಡ್ ಇದೆಯಲ್ಲ ಅನ್ನಬೇಡಿ. ರೈಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಲೆಕ್ಕ ಉಳಿಯುತ್ತದೆ, ಅದನ್ನು ಬದಲಿಸುವ ಮೊದಲೇ ಎರಡನೆಯದೂ ಹೋದರೆ ಏನೂ ಉಳಿಯುವುದಿಲ್ಲ. ಹೊಸ ಡಿಸ್ಕ್ ಹಾಕಿದಾಗ ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿಯೇ ಅದನ್ನು ತುಂಬಬೇಕು. ಆ ಮೂರೂ ಅಷ್ಟೇ ವಯಸ್ಸಿನವು, ಅಲ್ವಾ?

ಆಮೇಲೆ ಡಿಸ್ಕ್ ಬದಲಿಸುವುದು. ಎಲ್ಲಕ್ಕಿಂತ ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ಈ ಸರ್ವರ್‌ಗಳಲ್ಲಿ ಡಿಸ್ಕಿನ ನಂಬರ್ ಶುರುವಾಗುವುದು 0ಯಿಂದ. ನೀವು ಎರಡನೆಯದು ಅನ್ನುವ ಡಿಸ್ಕ್ ಸರ್ವರ್ ಲೆಕ್ಕದಲ್ಲಿ 1. ಫೋನಿನಲ್ಲಿ "ಎರಡನೇದು ಕೆಟ್ಟಿದೆ" ಅಂದಿರೋ, ಬಂದವರು 2 ಅಂತ ಬರೆದಿರುವುದನ್ನು ಎಳೆಯುತ್ತಾರೆ. ಅದು ಚೆನ್ನಾಗಿರುವ ಮೂರನೇ ಡಿಸ್ಕ್. ಆಗ ಇಡೀ ಸಂಘದ ಲೆಕ್ಕ ಸಾಯಲು ಹೊರಟ ಡಿಸ್ಕಿನ ಮೇಲೆ ನಿಂತಿರುತ್ತದೆ. ಅದಕ್ಕೆ ಸರ್ವರ್ ಡಬ್ಬದ ಮೇಲೆ ಅಚ್ಚಾದ ನಂಬರ್ ಓದಿ ಹೇಳಿ. ಬಂದವರಿಗೆ ಸಾಫ್ಟ್‌ವೇರ್‌ನಿಂದ ಆ ಡಿಸ್ಕಿನ ಲೈಟ್ ಮಿಣುಕಿಸಲು ಹೇಳಿ. ಹಸಿರು ಲೈಟ್ ಸೆಕೆಂಡಿಗೆ ಎರಡು ಸಲ ಮಿಣುಕಿದರೆ ಅದೇ ಡಿಸ್ಕ್. ಅದನ್ನು ಸಾಫ್ಟ್‌ವೇರ್‌ನಲ್ಲಿ ಆಫ್‌ಲೈನ್ ಮಾಡಿದ ಮೇಲೇ ಎಳೆಯಬೇಕು. ಹೊಸದು ಅದೇ ಜಾತಿಯದಿರಲಿ, ಸಾಸ್ ಇದ್ದಲ್ಲಿ ಸಾಸ್, ಸಾಟಾ ಇದ್ದಲ್ಲಿ ಸಾಟಾ (ಡಿಸ್ಕ್ ಸರ್ವರ್‌ಗೆ ಜೋಡಿಸುವ ಎರಡು ಬಗೆ ಇವು). ಎಷ್ಟು ಜಿಬಿ ಹಿಡಿಯುತ್ತದೆ ಎಂಬ ಅಳತೆ ಅಷ್ಟೇ ಇರಲಿ, ಇಲ್ಲವೇ ಜಾಸ್ತಿ ಇರಲಿ. ಹಾಕಿದ ಮೇಲೆ ಹಸಿರು ನಿಧಾನವಾಗಿ ಮಿಣುಕುತ್ತದೆ. ತುಂಬಿಕೊಳ್ಳುತ್ತಿದೆ ಅಂತ ಅರ್ಥ. ಡಿಸ್ಕ್ ದೊಡ್ಡದಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಸಿರು ನಿಂತು ಉರಿಯುವವರೆಗೆ ಯಾವ ಡಿಸ್ಕನ್ನೂ ಮುಟ್ಟಬೇಡಿ.

ಇನ್ನೊಂದು. ಮಳೆಯಾದ ಮೇಲೆ ಶುರುವಾಯಿತು ಅಂದಿರಲ್ಲ, ಸರ್ವರ್ ಹಿಂದೆಯೂ ಒಮ್ಮೆ ಇಣುಕಿ. ಎರಡು ಪವರ್ ಸಪ್ಲೈ ಇದ್ದರೆ ಎರಡರಲ್ಲೂ ಹಸಿರು ಉರಿಯಬೇಕು. ನಮ್ಮ ಕಡೆ ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ನೇರವಾಗಿ ಗೋಡೆಗೆ ಚುಚ್ಚುವುದುಂಟು. ಗೋಡೆಯದೇ ಮೊದಲು ಪೆಟ್ಟು ತಿನ್ನುವುದು. ಲೈಟ್ ಪೂರ್ತಿ ಆರಿದ್ದರೆ ಎಂಸಿಬಿ ಬಿದ್ದಿದೆಯಾ, ವೈರ್ ಸಡಿಲವಾಗಿದೆಯಾ ನೋಡಿ. ಆರೆಂಜ್ ಮಿಣುಕುತ್ತಿದ್ದರೆ ಸಪ್ಲೈಯಲ್ಲೇ ತೊಂದರೆ. ಪರೀಕ್ಷೆ ಮಾಡುವ ಉತ್ಸಾಹದಲ್ಲಿ ಹಸಿರು ಉರಿಯುತ್ತಿರುವ ಸಪ್ಲೈಯ ವೈರ್ ಕಿತ್ತುಬಿಟ್ಟೀರಿ ಜೋಕೆ. ಇದನ್ನು ನೋಡದೆ ಬಿಟ್ಟರೆ ಡಿಸ್ಕ್ ಹೊಸದಾದರೂ ಮುಂದಿನ ಲೈಟ್ ನೀಲಿಗೆ ಬರುವುದಿಲ್ಲ, ಡಿಸ್ಕ್ ಕೊಟ್ಟವರ ಜೊತೆ ಸುಮ್ನೆ ಜಗಳ.

ಈ ಲೆಕ್ಕ ಎಲ್ಲ ಕಂಪನಿಗೂ ಹೊಂದುತ್ತದೆ ಅಂದುಕೊಳ್ಳಬೇಡಿ. ಲೆನೊವೊ ಸರ್ವರ್‌ಗಳಲ್ಲಿ ಡಿಸ್ಕಿನ ಹಳದಿ ಲೈಟ್ ಸೆಕೆಂಡಿಗೊಮ್ಮೆ ಮಿಣುಕಿದರೆ ತುಂಬಿಕೊಳ್ಳುತ್ತಿದೆ ಎಂದು, ಚಟಪಟ ಅಂತ ಬೇಗಬೇಗ ಮಿಣುಕಿದರೆ ಯಾರೋ ಅದನ್ನು ಗುರುತಿಸಲು ಕೇಳಿದ್ದಾರೆ ಎಂದು, ನಿಂತು ಉರಿದರೆ ಕೆಟ್ಟಿದೆ ಎಂದು. ಅದಕ್ಕೇ ಬಣ್ಣ ಮಾತ್ರ ಹೇಳಿದರೆ ಸಾಲದು. ಅರ್ಧ ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಕಳಿಸಿ, ಫೋಟೊದಲ್ಲಿ ಮಿಣುಕು ಕಾಣುವುದಿಲ್ಲ.

ಪ್ರಶ್ನೆ: ಸಾಗರದಲ್ಲಿ ನಮ್ಮದೊಂದು ಚಿಕ್ಕ ಆಫೀಸು. ಡೆಲ್ ಸರ್ವರ್ ಹಿಂದೆ ನೆಟ್‌ವರ್ಕ್ ಕೇಬಲ್ ಚುಚ್ಚುವಲ್ಲಿ ಒಂದು ಲೈಟ್ ಆರೆಂಜ್ ಆಗಿಯೇ ನಿಂತಿದೆ, ಪಕ್ಕದ ಹಸಿರು ಮಿಣುಕುತ್ತಿದೆ. ಮೊದಲು ಎರಡೂ ಹಸಿರಿದ್ದವು. ಪೋರ್ಟ್ ಸುಟ್ಟಿದೆಯೇ?

ಉತ್ತರ: ಸುಟ್ಟಿಲ್ಲ. ಹಸಿರು ಮಿಣುಕುತ್ತಿದೆ ಅಂದರೆ ಡೇಟಾ ಓಡಾಡುತ್ತಿದೆ. ಇಲ್ಲಿ ಆರೆಂಜ್ ಅಂದರೆ ವೇಗ ಕಡಿಮೆಯಾಗಿದೆ ಎಂದಷ್ಟೇ. ಗಿಗಾಬಿಟ್, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್ ವೇಗದ ಪೋರ್ಟ್ 100 ಮೆಗಾಬಿಟ್‌ಗೆ ಇಳಿದಿರುತ್ತದೆ. ಯಾರಾದರೂ ಹಳೇ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ತಂದು ಹಾಕಿದ್ದಾರಾ ಕೇಳಿ. ಇಲ್ಲವಾದರೆ ಕೇಬಲ್ ಮೇಲೆ ನನಗೆ ಅನುಮಾನ. ಅದರೊಳಗೆ ಎಂಟು ತಂತಿ. ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕೇ ಸಾಕು. ಹಾಗಾಗಿ ಒಂದು ತಂತಿ ಹೋದರೂ ಎಷ್ಟೋ ಸಲ ಲಿಂಕ್ ಕಡಿಯುವುದಿಲ್ಲ, ಸದ್ದಿಲ್ಲದೆ ನಿಧಾನವಾಗುತ್ತದೆ. ಕೇಬಲ್ ಅಟ್ಟದ ಮೇಲೆ ಹಾದುಹೋಗಿದ್ದರೆ ಇಲಿ ಕಚ್ಚಿದ ಗುರುತು ಹುಡುಕಿ. ಹಾಗೇನೂ ಇಲ್ಲದಿದ್ದರೆ ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿಸಿ. ಇದರಲ್ಲಿ ಸರ್ವರ್ ಬಿಚ್ಚುವ ಕೆಲಸವೇನೂ ಇಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಅಂಗಡಿಯ ಎಚ್‌ಪಿ ಪ್ರೊಲಿಯಂಟ್ ಸರ್ವರನ್ನು ರಾತ್ರಿ ಆಫ್ ಮಾಡುತ್ತೇವೆ. ಆದರೂ ಪವರ್ ಬಟನ್ ಆರೆಂಜ್ ಆಗಿ ಉರಿಯುತ್ತಲೇ ಇರುತ್ತದೆ. ಏನಾದರೂ ಕೆಟ್ಟಿದೆಯಾ?

ಉತ್ತರ: ಏನೂ ಕೆಟ್ಟಿಲ್ಲ. ಅದರಲ್ಲಿ ಬಟನ್ ಆರೆಂಜ್ ಆಗಿ ನಿಂತು ಉರಿದರೆ ಸರ್ವರ್ ಮಲಗಿದೆ, ಒಳಗೆ ಕರೆಂಟ್ ಇದೆ ಎಂದರ್ಥ. ದೂರದಿಂದ ಆನ್ ಮಾಡಲು ಬೇಕಾದ ಐಲೊ ಎಂಬ ಭಾಗ ಎಚ್ಚರವಾಗಿರುತ್ತದೆ. ಮುಚ್ಚಳ ತೆಗೆದು ದೂಳು ಹೊಡೆಯುವುದಿದ್ದರೆ ಬಟನ್ ಒತ್ತಿದ್ದು ಸಾಲದು. ಪವರ್ ವೈರ್ ಎಷ್ಟಿವೆಯೋ ಅಷ್ಟನ್ನೂ ಕಿತ್ತು, ಆ ಲೈಟೂ ಆರಿದ ಮೇಲೆ ಕೈ ಹಾಕಿ.