ನೇಟೋ ಮೊದಲಾ, ವಾರ್ಸಾ ಒಪ್ಪಂದ ಮೊದಲಾ?

ವಾರ್ಸಾ ಒಪ್ಪಂದಕ್ಕೆ (ಸೋವಿಯತ್ ಒಕ್ಕೂಟ ಮತ್ತು ಅದರ ಪೂರ್ವ ಯುರೋಪಿನ ಮಿತ್ರರ ಸೇನಾ ಕೂಟ) ಎದುರಾಗಿ ನೇಟೋ (ಅಮೆರಿಕ ಮತ್ತು ಅದರ ಪಶ್ಚಿಮದ ಮಿತ್ರರ ಸೇನಾ ಕೂಟ) ಹುಟ್ಟಿತಾ ಅಂತ ಕೇಳಿದ್ದೀರಿ. ಇಲ್ಲ, ಅದು ಉಲ್ಟಾ. ನೇಟೋ ಒಪ್ಪಂದಕ್ಕೆ 12 ದೇಶಗಳು ಸಹಿ ಹಾಕಿದ್ದು 1949ರ ಏಪ್ರಿಲ್ 4ರಂದು, ವಾಷಿಂಗ್ಟನ್‌ನಲ್ಲಿ. ಹಿಂದಿನ ವರ್ಷವಷ್ಟೇ ಜೆಕೊಸ್ಲೊವಾಕಿಯಾ ಕಮ್ಯುನಿಸ್ಟರ ಕೈಗೆ ಹೋಗಿತ್ತು. ಬರ್ಲಿನ್‌ಗೆ ಸೋವಿಯತ್ ದಿಗ್ಬಂಧನ ಬೇರೆ. ಪಶ್ಚಿಮದವರ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೂ ಮೊದಮೊದಲು ನೇಟೋ ಹೆಚ್ಚುಕಮ್ಮಿ ಕಾಗದದ ಮೇಲಷ್ಟೇ ಇತ್ತು. 1950ರಲ್ಲಿ ಕೊರಿಯಾ ಯುದ್ಧ ಶುರುವಾದ ಮೇಲೆಯೇ ಜಂಟಿ ಸೇನಾ ಕಮಾಂಡ್ ಬಂದಿದ್ದು. ಅಮೆರಿಕದ ಜನರಲ್ ಐಸೆನ್‌ಹೋವರ್ ಅದರ ಮೊದಲ ಮುಖ್ಯಸ್ಥ. ತಮಾಷೆ ಅಂದರೆ, 1954ರಲ್ಲಿ ಸೋವಿಯತ್ ಒಕ್ಕೂಟವೇ ನೇಟೋ ಸೇರುವ ಮಾತಾಡಿತ್ತು! ಪಶ್ಚಿಮದವರು ಒಪ್ಪಲಿಲ್ಲ. 1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿಯನ್ನು ಸೇರಿಸಿಕೊಂಡರು. ಹಿಟ್ಲರ್ ಸೋತು ಹತ್ತೇ ವರ್ಷ, ಮತ್ತೆ ಜರ್ಮನ್ ಸೈನ್ಯ ಅಂದರೆ ಮಾಸ್ಕೋ ಸುಮ್ಮನಿರುತ್ತಾ? ಅದೇ ತಿಂಗಳ 14ಕ್ಕೆ ವಾರ್ಸಾ ಒಪ್ಪಂದಕ್ಕೆ ಸಹಿ ಬಿತ್ತು.