ಜೋಡಾಟ ಮುಗಿಯಿತು, ಈಗ ಕೂಡಾಟ

ಓದುಗರ ಪತ್ರ: 2023ರಲ್ಲಿ ಮೊಮ್ಮಗನ ಜೊತೆ ಕೂತು ಇಡೀ ಐಪಿಎಲ್ ಅನ್ನು ಮೊಬೈಲಿನಲ್ಲಿ ಪುಕ್ಕಟೆ ನೋಡಿದೆ. ಈಗ ಅದೇ ಆಟಕ್ಕೆ ದುಡ್ಡು ಕೇಳುತ್ತಾರೆ. ನಾನು ನೋಡುವ ಧಾರಾವಾಹಿ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹಾರುತ್ತಲೇ ಇದೆ. ದುಡ್ಡು ಕೊಟ್ಟಲ್ಲೂ ಜಾಹೀರಾತು. ಬೆಂಗಳೂರಿನ ಮಗ ಕೊಟ್ಟ ಪಾಸ್‌ವರ್ಡ್ ಈಗ ನಡೆಯುವುದಿಲ್ಲ. ಎಲ್ಲರೂ ಒಂದಾಗಿ ನಮ್ಮನ್ನು ಸುಲಿಯುತ್ತಿದ್ದಾರೆಯೇ? ಕೇಬಲ್‌ಗೆ ಮಾಡಿದ ಹಾಗೆ ಸರ್ಕಾರ ಇದಕ್ಕೂ ದರ ಕಟ್ಟಬಾರದೇ? ಅಂದ ಹಾಗೆ, ನಿಮ್ಮ ಪತ್ರಿಕೆಯ ಚಂದಾ ಯಾಕೆ ಏರಿತು?
— ನಿವೃತ್ತ ಅಕ್ಕೋರು, ಅಂಕೋಲಾ (ಹೆಸರು ಬೇಡ ಎಂದಿದ್ದಾರೆ)

ಅಕ್ಕೋರೇ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಡಿಟಿಪಿ ಮಾಡುವ ಹುಡುಗ ತಲೆ ಎತ್ತಿ, "ಸರ್, ಇದು ನಮ್ಮನೆ ಕತೆ" ಎಂದ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡ್ಕೋಬೇಡಿ.

ಮೊದಲು ಪುಕ್ಕಟೆಯ ಲೆಕ್ಕ. 2023ರಿಂದ 2027ರವರೆಗೆ ಐದು ವರ್ಷ ಐಪಿಎಲ್ ಅನ್ನು ಇಂಟರ್‌ನೆಟ್‌ನಲ್ಲಿ ತೋರಿಸುವ ಹಕ್ಕಿಗೆ ರಿಲಯನ್ಸ್ ಗುಂಪಿನ ವಯಾಕಾಮ್18 ಕೊಟ್ಟಿದ್ದು 23,758 ಕೋಟಿ ರೂಪಾಯಿ. ಹಕ್ಕು ಮಾರುವಾಗ ಹಿಡಿದ ಲೆಕ್ಕ 410 ಪಂದ್ಯ. ಅಂದರೆ ಒಂದು ಪಂದ್ಯಕ್ಕೆ ಸರಾಸರಿ 58 ಕೋಟಿ. ಪಂದ್ಯಕ್ಕೆ 240 ಎಸೆತ ಎಂದು ಭಾಗಿಸಿ ನೋಡಿ, ಒಂದು ಎಸೆತಕ್ಕೆ ಸುಮಾರು 24 ಲಕ್ಷ ಬರುತ್ತದೆ. ನಿಮ್ಮ ಮೊಮ್ಮಗ ಎದ್ದು ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಒಂದು ಓವರ್ ಮುಗಿದರೆ ಹತ್ತಿರ ಹತ್ತಿರ ಒಂದೂವರೆ ಕೋಟಿ. ಇಷ್ಟು ದುಡ್ಡು ಸುರಿದವರು ನಿಮಗೆ ಪುಕ್ಕಟೆ ತೋರಿಸಿದರು ಅಂದರೆ ಅದರ ಹಿಂದೆ ಏನೋ ಇರಲೇಬೇಕು ಅಲ್ವಾ?

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಯಕ್ಷಗಾನದ ಜೋಡಾಟ ನೀವು ನೋಡಿಯೇ ಇರುತ್ತೀರಿ. ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ. ಈ ಕಡೆ ಚಂಡೆ ಏರಿದರೆ ಆ ಕಡೆಯೂ ಏರಬೇಕು. ಇಲ್ಲಿ ವೇಷ ಹತ್ತು ಸುತ್ತು ಕುಣಿದರೆ ಅಲ್ಲಿ ಹದಿನೈದು. ಜನ ಎದ್ದೆದ್ದು ಅಲ್ಲಿಂದಿಲ್ಲಿಗೆ ಓಡುತ್ತಿರುತ್ತಾರೆ. ಆ ರಾತ್ರಿ ಮೇಳದ ಯಜಮಾನನ ಕಿಸೆ ಖಾಲಿ, ನೋಡುವವರಿಗೆ ಹಬ್ಬ.

2023 ಅಂಥ ಒಂದು ರಾತ್ರಿ. ಈ ರಂಗಸ್ಥಳದಲ್ಲಿ ವಯಾಕಾಮ್18ರ ಆ್ಯಪ್ ಜಿಯೊ ಸಿನಿಮಾ ಐಪಿಎಲ್ ಅನ್ನು ಪುಕ್ಕಟೆ ಕೊಟ್ಟಿತು. ಆ ಕಡೆ ಇದ್ದದ್ದು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್. ಐಪಿಎಲ್ ಕೈತಪ್ಪಿದ ಮೇಲೆ ಅದರ ಚಂದಾದಾರರು ಒಂದೇ ವರ್ಷದಲ್ಲಿ 6.13 ಕೋಟಿಯಿಂದ 3.76 ಕೋಟಿಗೆ ಇಳಿದರು. ಅವರೂ ಹಟಕ್ಕೆ ಬಿದ್ದು ಆ ವರ್ಷದ ಏಷ್ಯಾ ಕಪ್, ವಿಶ್ವಕಪ್ ಎರಡನ್ನೂ ಮೊಬೈಲಿನಲ್ಲಿ ಪುಕ್ಕಟೆ ಬಿಟ್ಟರು. ನೀವು, ನಾನು, ಡಿಟಿಪಿ ಹುಡುಗ ಎಲ್ಲರೂ ನೋಡಿದೆವು.

ದಿನಾ ಜೋಡಾಟ ಆಡಿದರೆ ಮೇಳ ಉಳಿಯುವುದಿಲ್ಲ. ಯಜಮಾನರು ಮಾತಿಗೆ ಕೂತರು. 2024ರ ಫೆಬ್ರವರಿಯಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಒಪ್ಪಂದ ಮಾಡಿಕೊಂಡವು. ಆಗಸ್ಟ್‌ನಲ್ಲಿ, ವ್ಯಾಪಾರದಲ್ಲಿ ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ ಕೆಲವು ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ನವೆಂಬರ್ 14ಕ್ಕೆ 70,352 ಕೋಟಿ ಬೆಲೆಯ ಕೂಡು ಸಂಸ್ಥೆ ನಿಂತಿತು. ಹಿಡಿತ ರಿಲಯನ್ಸ್‌ನದು, ಡಿಸ್ನಿಯ ಪಾಲು 36.84 ಶೇಕಡಾ. 2025ರ ಫೆಬ್ರವರಿ 14ರಂದು ಎರಡು ಆ್ಯಪ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಇದು ಕೂಡಾಟ. ಎರಡೂ ಮೇಳದ ಒಳ್ಳೊಳ್ಳೆ ವೇಷಗಳು ಒಂದೇ ರಂಗಸ್ಥಳದಲ್ಲಿ ಸಿಗುತ್ತವೆ, ಸುಳ್ಳಲ್ಲ. ಆದರೆ ಓಡಿ ಹೋಗಲು ಪಕ್ಕದಲ್ಲಿ ಇನ್ನೊಂದು ರಂಗಸ್ಥಳ ಇಲ್ಲ. ಟಿಕೆಟ್ ಹರಿಯುವ ಕೌಂಟರೂ ಒಂದೇ.

ನಿಮ್ಮ ಧಾರಾವಾಹಿ ಮನೆ ಬದಲಿಸಿದ್ದೂ ಇದೇ ಗಲಾಟೆಯಲ್ಲಿ. ಕಲರ್ಸ್ ಕನ್ನಡದವು ಮೊದಲು ವೂಟ್‌ನಲ್ಲಿದ್ದವು. ವೂಟ್ ಜಿಯೊ ಸಿನಿಮಾದಲ್ಲಿ ಕರಗಿತು, ಅದು ಜಿಯೊಹಾಟ್‌ಸ್ಟಾರ್‌ನಲ್ಲಿ ಕರಗಿತು. ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚು ಚರ್ಚೆಯಾಗಲೇ ಇಲ್ಲ. ಸಂಜೆ ಹೊತ್ತು ಎದುರುಬದುರು ನಿಂತು ಸೆಣಸುತ್ತಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಈಗ ಒಂದೇ ಮನೆಯ ಅಕ್ಕತಂಗಿಯರು.

ಹಾಗಂತ ಎಲ್ಲರೂ ಒಂದಾಗಿಲ್ಲ. ನೆಟ್‌ಫ್ಲಿಕ್ಸ್ ಬೇರೆ, ಅಮೆಜಾನ್ ಬೇರೆ. ಜೀ ಮತ್ತು ಸೋನಿ 2021ರಲ್ಲೇ ಸಂಬಂಧ ಕುದುರಿಸಿದ್ದವು, 2024ರ ಜನವರಿಯಲ್ಲಿ ಮುರಿದುಬಿತ್ತು. ಮುಹೂರ್ತದವರೆಗೂ ಬರಲಿಲ್ಲ. ದರವೂ ಎಲ್ಲ ಕಡೆ ಏರಿದ್ದೇ ಅಲ್ಲ. 2021ರ ಡಿಸೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ ವರ್ಷದ ದರವನ್ನು 999ರಿಂದ 1,499ಕ್ಕೆ ಏರಿಸಿತು. ಅದೇ ತಿಂಗಳು ನೆಟ್‌ಫ್ಲಿಕ್ಸ್ ತನ್ನ 499ರ ಪ್ಲಾನನ್ನು 199ಕ್ಕೆ ಇಳಿಸಿತು. ಮೊದಲನೆಯವರ ಬಲೆಗೆ ಮೀನು ಬಿದ್ದಾಗಿತ್ತು, ಎರಡನೆಯವರು ಇನ್ನೂ ಬಲೆ ಬೀಸುತ್ತಿದ್ದರು. ಪಾಸ್‌ವರ್ಡ್ ಕತೆಯೂ ಹಾಗೇ. ಜನ ಬೇಕಾಗಿದ್ದಾಗ ಯಾರ ಪಾಸ್‌ವರ್ಡ್ ಯಾರಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಒಂದು ಖಾತೆ ಒಂದು ಮನೆಗೆ ಮಾತ್ರ ಎಂದಿತು. ನಿಮ್ಮ ಮಗನ ಮನೆ ಬೆಂಗಳೂರಿನಲ್ಲಿ, ನಿಮ್ಮದು ಅಂಕೋಲಾದಲ್ಲಿ. ಒಂದೇ ಕುಟುಂಬ ಅಲ್ವಾ ಎಂದರೆ ಆ ಯಂತ್ರಕ್ಕೆ ತಿಳಿಯುವುದಿಲ್ಲ.

ದುಡ್ಡು ಕೊಟ್ಟ ಮೇಲೂ ಬರುವ ಜಾಹೀರಾತು ನನಗೂ ಸಿಟ್ಟು ತರಿಸುತ್ತದೆ. ದರ ಏರಿಸಿದರೆ ಜನ ಬೈಯುತ್ತಾರೆ. ಅದರ ಬದಲು ಇದ್ದ ದರದಲ್ಲೇ ಜಾಹೀರಾತು ತುರುಕಿ, ಅದು ಬೇಡವಾದರೆ ಜಾಸ್ತಿ ಕೊಡಿ ಅನ್ನುವುದು ಸಲೀಸು. ಪ್ರೈಮ್ ವಿಡಿಯೊ 2025ರ ಜೂನ್‌ನಲ್ಲಿ ಅದನ್ನೇ ಮಾಡಿತು. ಜಾಹೀರಾತು ಬೇಡವೆಂದರೆ ವರ್ಷಕ್ಕೆ 699 ಹೆಚ್ಚುವರಿ. ಇದನ್ನು ಏರಿಕೆ ಎಂದು ಅವರು ಕರೆಯುವುದಿಲ್ಲ. ನಾನು ಕರೆಯುತ್ತೇನೆ.

ಮುಂದೇನು ಎಂದು ತಿಳಿಯಲು ಜ್ಯೋತಿಷ್ಯ ಬೇಡ, ನಿಮ್ಮ ಮೊಬೈಲ್ ರೀಚಾರ್ಜ್ ನೆನಪಿಸಿಕೊಳ್ಳಿ. 2016ರ ಸೆಪ್ಟೆಂಬರ್‌ನಲ್ಲಿ ಇದೇ ರಿಲಯನ್ಸ್‌ನ ಜಿಯೊ ಪುಕ್ಕಟೆ ಬಂತು. ಏರ್‌ಸೆಲ್ ಮುಚ್ಚಿತು, ವೊಡಾಫೋನ್ ಮತ್ತು ಐಡಿಯಾ ಒಂದಾದವು. ಆಮೇಲೆ ಮೂರು ಸುತ್ತು ದರ ಏರಿತು. ಮೂರನೆಯ ಸುತ್ತು 2024ರ ಜುಲೈನಲ್ಲಿ, 239ರ ಪ್ಯಾಕ್ 299 ಆಯಿತು. ಎದುರಾಳಿ ಕಡಿಮೆಯಾದಾಗ ಆಗುವುದು ಇದೇ. ಇಲ್ಲಿ ಇನ್ನೂ ಒಂದು ತೊಡಕಿದೆ. ಇಂಟರ್‌ನೆಟ್ ಕೊಡುವವರೂ ಅವರೇ, ಅದರಲ್ಲಿ ಹರಿಯುವ ಕ್ರಿಕೆಟ್ಟೂ ಅವರದೇ.

ಹಾಗಾದರೆ ಸರ್ಕಾರ ದರ ಕಟ್ಟಲಿ ಎಂಬ ನಿಮ್ಮ ಮಾತು. ಇಲ್ಲಿ ನನಗೂ ನಿಮಗೂ ಸ್ವಲ್ಪ ಜಗಳ. ಕೇಬಲ್ ದರ ನೋಡುವುದು ಟ್ರಾಯ್, ಅಂದರೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಈ ಆ್ಯಪ್‌ಗಳ ದರ ಅದರ ಕೈಯಲ್ಲಿಲ್ಲ. ಇದ್ದಿದ್ದರೂ ಏನಾಗುತ್ತಿತ್ತೋ. 2019ರಲ್ಲಿ ಬೇಕಾದ ಚಾನೆಲ್ ಮಾತ್ರ ಆರಿಸಿ, ಅಷ್ಟಕ್ಕೇ ದುಡ್ಡು ಕೊಡಿ ಎಂದು ಟ್ರಾಯ್ ನಿಯಮ ತಂದಾಗ ನಾನೂ ಖುಷಿಪಟ್ಟು ಕಾಗದದಲ್ಲಿ ಪಟ್ಟಿ ಮಾಡಿದ್ದೆ. ಕೇಬಲಿನವನು ಪಟ್ಟಿ ನೋಡಿ ನಕ್ಕು ಒಂದು ಪ್ಯಾಕ್ ಹಾಕಿಕೊಟ್ಟ. ಬಿಲ್ ಮೊದಲಿಗಿಂತ ಜಾಸ್ತಿಯೇ ಬಂತು. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ ನಮ್ಮ ರಾಜ್ಯದ ನಿಯಮಕ್ಕೆ 2025ರ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ತಡೆ ಕೊಟ್ಟಿತು.

ನಾವು ಕೊಡುವ ದುಡ್ಡಿಗಿಂತ ನನಗೆ ಚಿಂತೆ ಇರುವುದು ಈ ಆ್ಯಪ್‌ನವರು ಕೊಳ್ಳುವ ಸರಕಿನ ಬಗ್ಗೆ. ಶಿರಸಿಯ ಅಡಿಕೆ ಮಂಡಿಯಲ್ಲಿ ಒಂದು ರಾಶಿಗೆ ಹತ್ತು ವ್ಯಾಪಾರಿಗಳು ಟೆಂಡರ್ ಬರೆಯುವುದಕ್ಕೂ ಇಬ್ಬರು ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಯಾವ ಬೆಳೆಗಾರನನ್ನಾದರೂ ಕೇಳಿ. ಕನ್ನಡ ಸಿನಿಮಾ, ವೆಬ್ ಸರಣಿ ಮಾಡುವವರು ಈಗ ಅದೇ ಮಂಡಿಯಲ್ಲಿ ರಾಶಿ ಹಾಕಿಕೊಂಡು ಕೂತಿದ್ದಾರೆ. ಟೆಂಡರ್ ಬರೆಯುವವರು ಕಡಿಮೆ. ಬರೆಯುವವರಿಗೂ ತೆಲುಗು, ತಮಿಳು, ಹಿಂದಿಯ ರಾಶಿ ನೋಡಿ ಮುಗಿದ ಮೇಲೆ ನಮ್ಮದು. ರಕ್ಷಿತ್ ಶೆಟ್ಟಿಯವರಂಥ ಹೆಸರಿದ್ದವರೇ, ಕರಾವಳಿಯ ಕತೆಗಳ ಸರಣಿಯನ್ನು ಕೊಳ್ಳುವವರು ಸಿಗದೆ, 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ಕಟ್ಟಿ ಬಿಡುಗಡೆ ಮಾಡಬೇಕಾಯಿತು. ಹೆಸರಿಲ್ಲದವರ ಪಾಡು ಹೇಳುವುದೇ ಬೇಡ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲೇ ಸಿ ಸ್ಪೇಸ್ ಎಂಬ ಇಂಥದ್ದೇ ಸ್ವಂತ ಆ್ಯಪ್ (ಒಟಿಟಿ) ತೆರೆದು, 75 ರೂಪಾಯಿಗೆ ಒಂದು ಸಿನಿಮಾ ತೋರಿಸತೊಡಗಿತು. ನಮ್ಮ ಸರ್ಕಾರವೂ 2025ರ ಬಜೆಟ್‌ನಲ್ಲಿ ಅಂಥದ್ದೊಂದರ ಮಾತಾಡಿತು. ದರ ಕಟ್ಟಿ ಎಂದು ಅರ್ಜಿ ಬರೆಯುವ ಬದಲು ಅದು ಎಲ್ಲಿಗೆ ಬಂತು ಎಂದು ಕೇಳಿ ಬರೆಯೋಣ. ನಾನು ಮೊದಲ ಸಹಿ ಹಾಕುತ್ತೇನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದೇ, ತಿಂಗಳ ಲೆಕ್ಕದಲ್ಲಿ ತಗೊಳ್ಳುವುದು, ಬೇಡವಾದಾಗ ಬಿಡುವುದು. ಬಿಡುವುದು ಹೇಳಿದಷ್ಟು ಸುಲಭ ಅಲ್ಲ. ನನ್ನದೇ ಮಾನ ಕಳೆದುಕೊಂಡು ಹೇಳುತ್ತೇನೆ. ದಸರೆ ರಜೆಗೆ ಬಂದ ಮಗಳು ಒಂದು ಸಿನಿಮಾ ನೋಡಲು ನನ್ನ ಫೋನಿನಲ್ಲಿ ಒಂದು ಆ್ಯಪ್‌ಗೆ ದುಡ್ಡು ಕಟ್ಟಿದ್ದಳು. ಹೆಸರು ಬೇಡ. ಸಿನಿಮಾ ಮುಗಿಯಿತು, ಮಗಳು ಊರಿಗೆ ಹೋದಳು, ಖಾತೆಯಿಂದ ಮಾತ್ರ ತಿಂಗಳು ತಿಂಗಳು ದುಡ್ಡು ಹೋಗುತ್ತಲೇ ಇತ್ತು. ಏಳನೇ ತಿಂಗಳು ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಕಣ್ಣಿಗೆ ಬಿತ್ತು. ಆಮೇಲೆ ನೋಡಿದರೆ ಪ್ರತಿ ಸಲವೂ ಒಂದು ದಿನ ಮೊದಲು ಎಸ್‌ಎಂಎಸ್ ಬಂದಿದೆ. 24 ಗಂಟೆ ಮೊದಲು ತಿಳಿಸಲೇಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ನಾನೇ ಸಾಲದ ಜಾಹೀರಾತು ಎಂದುಕೊಂಡು ಸುಮ್ನೆ ಅಳಿಸಿದ್ದೆ.

ನೀವು ದುಡ್ಡು ಕಳಿಸುವ ಯುಪಿಐ ಆ್ಯಪ್‌ನಲ್ಲೇ ಆಟೋಪೇ ಎಂಬ ಜಾಗ ಇದೆ. ಯಾರ್‍ಯಾರಿಗೆ ಕತ್ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಅಲ್ಲಿಂದಲೇ ರದ್ದು ಮಾಡಬಹುದು, ಆ್ಯಪ್‌ನವರ ಕಾಲು ಹಿಡಿಯಬೇಕಿಲ್ಲ. ರದ್ದು ಮಾಡಲು ಸತಾಯಿಸುವುದು ಗ್ರಾಹಕ ಪ್ರಾಧಿಕಾರದ 2023ರ ನಿಯಮದ ಪ್ರಕಾರ ತಪ್ಪು. ದೂರು ಕೊಡಲು 1915ಕ್ಕೆ ಫೋನ್ ಮಾಡಿ. ಜೂನ್ ಬಂದರೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೆ ಟವರ್ರೂ ಹೋಗುತ್ತದೆ. ಐಪಿಎಲ್ ಮುಗಿದು ಮೊಮ್ಮಗ ಬೆಂಗಳೂರಿನ ಬಸ್ ಹತ್ತಿದ ದಿನವೇ ನಿಲ್ಲಿಸಿಬಿಡಿ.

ಇನ್ನು ನಮ್ಮ ಪತ್ರಿಕೆಯ ಚಂದಾ. ಕಾಗದ, ಮುದ್ರಣ, ಅಂಚೆ ಮೂರೂ ಏರಿವೆ. ನಮ್ಮ ಮೇಲೆ ದುಡ್ಡು ಸುರಿಯಲು ಯಾರೂ ಬಂದಿಲ್ಲ, ಕೂಡಾಟಕ್ಕೆ ಇನ್ನೊಂದು ಮೇಳವೂ ಸಿಕ್ಕಿಲ್ಲ. ತಿಂಗಳ ಲೆಕ್ಕದಲ್ಲೇ ತಗೊಳ್ಳಿ ಎಂದು ಮೇಲೆ ಬರೆದದ್ದನ್ನು ಓದಿದ ನಮ್ಮ ವ್ಯವಸ್ಥಾಪಕರು ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ನಮ್ಮದು ಈಗಲೂ ವರ್ಷದ ಚಂದಾ. ನಿಮ್ಮದು ಮುಂದಿನ ತಿಂಗಳು ಮುಗಿಯುತ್ತದೆ.

— ಸಂಪಾದಕ