ಸೌಲನ ಮನಪರಿವರ್ತನೆಯಿಂದ ಏನು ಕಲಿಯಬಹುದು?

ಬೇಳ, ಮಂಜೇಶ್ವರ ಕಡೆಯ ನಮ್ಮ ಚರ್ಚುಗಳಲ್ಲಿ ಜನವರಿ 25ಕ್ಕೆ ಓದುವ ಕಥೆ ಇದು. ಕ್ರೈಸ್ತರನ್ನು ಹಿಡಿದು ತರಲು ದಮಸ್ಕ ಪಟ್ಟಣಕ್ಕೆ ಹೊರಟ ಸೌಲ (ಮುಂದೆ ಸಂತ ಪೌಲನಾದವನು) ದಾರಿಯಲ್ಲಿ ಬೆಳಕು ಕಂಡು ಬಿದ್ದ. (ಚಿತ್ರಗಳಲ್ಲಿ ಇರುವ ಕುದುರೆ ಬೈಬಲಿನಲ್ಲಿ ಇಲ್ಲವೇ ಇಲ್ಲ!)

ಎಲ್ಲರೂ ಆ ಬೆಳಕಿನ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ನನಗೆ ಮುಖ್ಯ ಅನಿಸುವುದು ಆಮೇಲಿನದು. ಹಿಡಿಯಲು ಬಂದವನನ್ನೇ ಕೈ ಹಿಡಿದು ಊರೊಳಗೆ ಕರೆದುಕೊಂಡು ಹೋಗಬೇಕಾಯಿತು. ಮೂರು ದಿನ ಕಣ್ಣು ಕಾಣಲಿಲ್ಲ, ಅನ್ನ ನೀರು ಮುಟ್ಟಲಿಲ್ಲ. ಸೋಲು ಒಪ್ಪಿಕೊಳ್ಳಲು ಅಷ್ಟು ಸಮಯ ಬೇಕು, ಅಲ್ವಾ?

ಇನ್ನು ಅನನೀಯ, ಸೌಲನ ಹತ್ತಿರ ಹೋಗು ಅಂತ ದೇವರು ಹೇಳಿದ ದಮಸ್ಕದ ಶಿಷ್ಯ. ನಿನ್ನೆವರೆಗೆ ನಮ್ಮ ಮೇಲೆ ಕೇಸು ಹಾಕಲು ಓಡಾಡಿದವನು ಇವತ್ತು ಕುಂಬಳೆ ಪೇಟೆಯಲ್ಲಿ ಸಿಕ್ಕರೆ ನಾವು ಸುಮ್ನೆ ಆಚೆ ಬದಿಗೆ ದಾಟುತ್ತೇವೆ. ಅನನೀಯನಿಗೂ ಭಯವಿತ್ತು, ದೇವರ ಹತ್ತಿರವೇ ಹೇಳಿಕೊಂಡ. ಆದರೂ ಹೋಗಿ, ಅವನ ಮೇಲೆ ಕೈಯಿಟ್ಟು, ಮೊದಲ ಮಾತಿಗೇ ಸೌಲನನ್ನು ‘ಸಹೋದರ’ ಅಂತ ಕರೆದ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಕಷ್ಟದ ಕೆಲಸ ಇವನದ್ದೇ.

ಬದಲಾದ ಮಾತ್ರಕ್ಕೆ ಜನ ತಕ್ಷಣ ನಂಬಿಬಿಡಲಿಲ್ಲ ಅನ್ನುವುದೂ ನೆನಪಿರಲಿ. ಯೆರೂಸಲೇಮಿನ ಶಿಷ್ಯರು ಅವನನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೆ ಬಾರ್ನಬ ಎಂಬ ವಿಶ್ವಾಸಿ ಸೌಲನ ಜೊತೆಗೆ ನಿಂತು ಮಾತಾಡಬೇಕಾಯಿತು.